ಮೂರನೇ ಕಂಬದ ಸದ್ದು

ಥಾರ್ನ್‌ಫರ್ಡ್ ಎಂಬ ಊರಿನಲ್ಲಿ ಇಪ್ಪತ್ತೆರಡು ವರ್ಷ ಒಂದು ನೋಟ ಬದಲಾಗಿರಲಿಲ್ಲ. ಬೇಸಿಗೆಯಲ್ಲಿ ನದಿಯ ನೀರು ಇಳಿದ ಕೂಡಲೇ, ಭಾನುವಾರ ಬೆಳಿಗ್ಗೆ, ಹಳೆಯ ಕಲ್ಲುಸೇತುವೆಯ ಕೆಳಗೆ ಇಬ್ಬರು ಗಂಡಸರು ಎದೆಮಟ್ಟದ ರಬ್ಬರ್ ಉಡುಪು ಏರಿಸಿಕೊಂಡು ನೀರಿಗಿಳಿಯುತ್ತಿದ್ದರು. ಮುಂದೆ ಹೋರೇಸ್ ಗಾರ್ಸೈಡ್, ತಲೆಗೆ ಹೆಡ್‌ಫೋನು, ಕೈಯಲ್ಲಿ ಲೋಹ ಹುಡುಕುವ ಯಂತ್ರ. ಅವನ ಎಡಕ್ಕೆ ಒಂದು ಮಾರು ಹಿಂದೆ ನೆವಿಲ್ ಟಾಡ್, ಹೆಗಲಿಗೆ ತನ್ನ ಯಂತ್ರ, ಕೈಯಲ್ಲಿ ಬಕೆಟ್ಟು. ಆ ಬಕೆಟ್ಟಿನ ತಳ ಕತ್ತರಿಸಿ ಗಾಜು ಕೂರಿಸಿದ್ದರು. ನೀರಿನ ಮೇಲೆ ಒತ್ತಿ ಹಿಡಿದರೆ ತಳದ ಜಲ್ಲಿಯೆಲ್ಲ ತಟ್ಟೆಯಲ್ಲಿ ಹರಡಿದ ಹಾಗೆ ಕಾಣುತ್ತಿತ್ತು.

ರೋಮನ್ನರ ಕಾಲದಲ್ಲಿ ಜನ ನದಿ ದಾಟುತ್ತಿದ್ದದ್ದು ಇಲ್ಲೇ. ದಾಟುವಾಗ ದೇವರಿಗೆಂದು ನಾಣ್ಯವನ್ನೋ ಉಂಗುರವನ್ನೋ ನೀರಿಗೆ ಎಸೆದು ಮುಂದೆ ಹೋಗುತ್ತಿದ್ದರು. ಅವರ ನಂತರ ಬಂದವರೂ ಎಸೆಯುವುದನ್ನೇನೂ ಬಿಟ್ಟಿಲ್ಲ, ದೇವರನ್ನು ಮಾತ್ರ ಬಿಟ್ಟಿದ್ದಾರೆ. ಬಿಯರ್ ಬಾಟಲಿಯ ಮುಚ್ಚಳ, ಸೈಕಲ್ಲು, ಒಂದು ಸಲ ಇಡೀ ಗ್ಯಾಸ್ ಒಲೆ. ಈ ಕಸದ ಮಧ್ಯೆ ಹಳೆಯದನ್ನು ಹುಡುಕಬೇಕಾದರೆ ಕಿವಿ ಬೇಕು. ಕಬ್ಬಿಣ ಗೊರ್ ಎಂದು ಬೈಯುತ್ತದೆ, ಮುಚ್ಚಳ ಕಿರ್ ಎಂದು ಮುರಿದು ಕೂಗುತ್ತದೆ, ಒಳ್ಳೆಯ ವಸ್ತುವಾದರೆ ದುಂಡಗೆ ಕರೆಯುತ್ತದೆ. ಹೋರೇಸನ ಯಂತ್ರಕ್ಕೆ ಮೂವತ್ತು ವರ್ಷ. ಅಂಕಿ ತೋರಿಸುವ ಪರದೆ ಗಿರದೆ ಏನೂ ಅದಕ್ಕಿರಲಿಲ್ಲ, ಅದು ಬರೀ ಸದ್ದು ಮಾಡುತ್ತಿತ್ತು, ಮುದುಕ ಬರೀ ಕೇಳುತ್ತಿದ್ದ.

ಜೋಡಿಯಾಗಿ ಹುಡುಕುವವರಲ್ಲಿ ಒಂದು ಕಟ್ಟಳೆ ಉಂಟು. ಸದ್ದು ಮೊದಲು ಯಾರ ಕಿವಿಗೆ ಬಿತ್ತೋ ವಸ್ತು ಅವರದು, ಅಗೆದು ತೆಗೆದವರು ಯಾರೇ ಆಗಿರಲಿ. ಸದ್ದು ಅನುಮಾನವಾಗಿದ್ದರೆ ಹೆಡ್‌ಫೋನು ತೆಗೆದು ಜೊತೆಗಾರನ ತಲೆಗೆ ಇಡುವುದು, ಅವನು ಕೇಳಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಡುವ ಅಗತ್ಯವೇ ಬಿದ್ದಿರಲಿಲ್ಲ.

ನೆವಿಲ್ ಬಸ್ಸು ಓಡಿಸುವವನು. ಮೂವತ್ತೈದರಲ್ಲಿ ಹೋರೇಸನ ಹಿಂದೆ ನೀರಿಗಿಳಿದವನಿಗೆ ಈಗ ಐವತ್ತೇಳು. ಹೆಂಡತಿ ಬಿಟ್ಟು ಹೋದ ವರ್ಷ ಹೋರೇಸನ ಹೆಂಡತಿ ಮೇವಿಸ್ ಭಾನುವಾರ ಮಧ್ಯಾಹ್ನ ಇವನಿಗೂ ಒಂದು ತಟ್ಟೆ ಇಟ್ಟಳು. ಆ ತಟ್ಟೆಯನ್ನು ಆಮೇಲೆ ತೆಗೆಯಲೇ ಇಲ್ಲ. ಕೆಲಸ ಕಲಿಸಿದವನು ಹೋರೇಸ್, ಹೊಟ್ಟೆ ನೋಡಿಕೊಂಡವಳು ಮೇವಿಸ್. ಇಷ್ಟಾದ ಮೇಲೂ ನೆವಿಲನ ಎದೆಯಲ್ಲಿ ಒಂದು ಮುಳ್ಳು ಇತ್ತು ಎಂದರೆ ಮನುಷ್ಯನ ಮನಸ್ಸು ಎಂಥದು ನೋಡಿ.

ಊರಿನ ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆಯೊಂದಿದೆ. ಅದರಲ್ಲಿ ಹನ್ನೊಂದು ವಸ್ತುಗಳು, ಹತ್ತರ ಕೆಳಗೆ ಹೋರೇಸನ ಹೆಸರು. ಹನ್ನೊಂದನೆಯದು ನೆವಿಲನದು, ಒಂದು ಮುರಿದ ಬೆಲ್ಟಿನ ಕೊಂಡಿ. ತಿಂಗಳಿಗೊಮ್ಮೆ ಪಬ್ಬಿನ ಮಹಡಿಯಲ್ಲಿ ಹುಡುಕುವವರ ಕ್ಲಬ್ಬು ಸೇರಿದಾಗ ನೆವಿಲ್ ಮೆಟ್ಟಿಲು ಹತ್ತಿದರೆ ಯಾರಾದರೂ ಒಬ್ಬರು, "ಬಂತಪ್ಪಾ ಹೋರೇಸನ ಬಕೆಟ್ಟು," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನೆವಿಲನೂ ನಗುತ್ತಿದ್ದ. ಇಪ್ಪತ್ತೆರಡು ವರ್ಷ ನಕ್ಕ.

ಜೂನ್ ತಿಂಗಳ ಮೊದಲ ಭಾನುವಾರ. ಆ ವರ್ಷ ಮಳೆ ಕಡಿಮೆ, ನೀರು ಮೊಣಕಾಲಿಗೂ ಇರಲಿಲ್ಲ. ಸೇತುವೆಯ ಮೂರನೇ ಕಂಬದ ಹಿಂದೆ, ಹರಿವು ಸುತ್ತಿ ನಿಲ್ಲುವ ಕಡೆ, ಹೋರೇಸ್ ಯಂತ್ರದ ತಟ್ಟೆಯನ್ನು ಒಂದೇ ಜಾಗದ ಮೇಲೆ ಅತ್ತ ಇತ್ತ ಆಡಿಸುತ್ತ ನಿಂತ. ಆಮೇಲೆ ಹೆಡ್‌ಫೋನು ತೆಗೆದು, ತಿರುಗಿ ಕೂಡ ನೋಡದೆ, ಎಡಗೈಯನ್ನು ಪಕ್ಕಕ್ಕೆ ಚಾಚಿದ. ಅಲ್ಲಿ ನೆವಿಲನ ತಲೆ ಇದ್ದೇ ಇರುತ್ತದೆ ಎಂಬ ನಂಬಿಕೆ.

"ಕೇಳು," ಎಂದ. "ತೀರಾ ಸಣ್ಣಗೆ. ಇದ್ಯೋ ಇಲ್ವೋ ಅನ್ನೋ ಹಾಗೆ. ಈಚೀಚೆಗೆ ನನ್ನ ಕಿವಿ ಮೇಲೆ ನನಗೇ ಗ್ಯಾರಂಟಿ ಇಲ್ಲ ಕಣೋ."

ನೆವಿಲ್ ಕೇಳಿದ. ಹೋರೇಸ್ ತಟ್ಟೆಯನ್ನು ಎಡದಿಂದ ಬಲಕ್ಕೆ ತಂದ, ಬಲದಿಂದ ಎಡಕ್ಕೆ ತಂದ. ಎರಡು ಸಲವೂ ಜಲ್ಲಿಯ ಆಳದಿಂದ ಸದ್ದು ಬಂತು. ಸಣ್ಣದು, ಆದರೆ ದುಂಡಗಿನದು. ಕಬ್ಬಿಣವಲ್ಲ, ಮುಚ್ಚಳವಲ್ಲ. ಅಷ್ಟು ಆಳದಲ್ಲಿ ಅಷ್ಟು ಹದವಾಗಿ ಕರೆಯುವ ವಸ್ತು ಹಳೆಯದೇ ಇರಬೇಕು.

"ಏನೂ ಇಲ್ಲ, ಗುರುವೇ," ಎಂದ ನೆವಿಲ್.

"ಏನೂ?"

"ಏನೂ ಇಲ್ಲ. ನೀರು ಹರಿಯೋ ಸದ್ದು ಅಷ್ಟೆ."

"ನನಗೆ ಕೇಳಿಸ್ತಲ್ಲೋ. ಎರಡು ಕಡೆಯಿಂದ್ಲೂ ಕೇಳಿಸ್ತು."

"ನಿಮ್ಮ ಕಿವಿ ಒಳಗೇ ಗುಂಯ್ ಅಂದಿರ್ಬೇಕು. ಎಂಬತ್ತಾಗ್ತಾ ಬಂತಲ್ಲ, ಇನ್ನೇನು ಬ್ಯಾಂಡ್ ಬಾರಿಸೋಕೂ ಶುರು ಮಾಡುತ್ತೆ ಬಿಡಿ."

ಹೋರೇಸ್ ನಗಲಿಲ್ಲ. ಹೆಡ್‌ಫೋನು ವಾಪಸ್ಸು ತೆಗೆದುಕೊಂಡು ಮತ್ತೊಮ್ಮೆ ತಟ್ಟೆ ಆಡಿಸಿದ. ಅವನ ಮುಖ ನೋಡಿದರೆ ಸದ್ದು ಮತ್ತೆ ಕೇಳಿಸಿತೆಂದು ಗೊತ್ತಾಗುತ್ತಿತ್ತು. ಆದರೂ ನೆವಿಲನ ಕಡೆ ಒಂದು ಸಲ ನೋಡಿ, ಯಂತ್ರದ ಗುಂಡಿ ತಿರುಗಿಸಿ ಆರಿಸಿದ. "ಇವತ್ತಿಗೆ ಸಾಕು," ಎಂದು ದಡದ ಕಡೆ ಹೊರಟ. ದಡದಲ್ಲಿ ಇಬ್ಬರೂ ಫ್ಲಾಸ್ಕಿನ ಚಹಾ ಕುಡಿದರು. ಆಗಲಾದರೂ, "ತಮಾಷೆಗೆ ಅಂದೆ," ಎಂದು ನೆವಿಲ್ ಹೇಳಬಹುದಿತ್ತು. ಹೇಳಿದ್ದರೆ ಎರಡು ಬೈಗುಳಕ್ಕೆ ಮುಗಿದು ಹೋಗುತ್ತಿತ್ತು. ಅವನು ಹಂದಿಮಾಂಸದ ಕಡುಬಿನಲ್ಲಿ ತನ್ನ ಪಾಲು ತಿಂದು ಕೈ ಒರೆಸಿಕೊಂಡ.

ಮಂಗಳವಾರ ರಜೆ ಹಾಕಿ ಒಬ್ಬನೇ ಹೋದ. ಜಲ್ಲಿಯನ್ನು ತೋಡಿದಷ್ಟೂ ನೀರು ಮತ್ತೆ ತಂದು ತುಂಬುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೈಗೆ ಸಿಕ್ಕಿದ್ದು ಬೆರಳುದ್ದದ ಬೂದು ಬಣ್ಣದ ಸೀಸದ ಸುರುಳಿ, ಸಾರ್ಡೀನ್ ಮೀನಿನ ಡಬ್ಬಿಯ ಮುಚ್ಚಳ ಸುತ್ತಿಟ್ಟ ಹಾಗಿತ್ತು. ನೋಡಿದ ತಕ್ಷಣ ಅವನಿಗೆ ಗೊತ್ತಾಯಿತು. ರೋಮನ್ನರು ಕಳ್ಳರಿಗೆ ಶಾಪ ಬರೆದು ಸುರುಳಿ ಸುತ್ತಿ ನೀರಿಗೆ ಹಾಕುತ್ತಿದ್ದ ತಗಡು ಅದು. ಹೋರೇಸ್ ಜೀವಮಾನವೆಲ್ಲ ಹುಡುಕಿ ಸಿಗದೆ ಉಳಿದಿದ್ದೂ ಅದೇ. "ಸಿಕ್ಕರೆ ಬಿಚ್ಚೋಕೆ ಹೋಗ್ಬೇಡ, ಉಜ್ಜೋಕೆ ಹೋಗ್ಬೇಡ, ಅದೇ ನದಿ ನೀರಲ್ಲಿ ಮುಳುಗಿಸಿಟ್ಟು ಟ್ಯಾಮ್ಸಿನ್ ಹತ್ರ ಓಡು," ಎಂದು ಹೇಳಿಕೊಟ್ಟವನೂ ಅವನೇ. ನೆವಿಲ್ ಬಿಚ್ಚಲಿಲ್ಲ, ಉಜ್ಜಲಿಲ್ಲ. ಬ್ರೆಡ್ಡಿನ ಡಬ್ಬಿಗೆ ನದಿಯ ನೀರು ತುಂಬಿಸಿ ಅದರಲ್ಲಿ ಮುಳುಗಿಸಿಟ್ಟ. ಕದಿಯುವುದರಲ್ಲೂ ಗುರು ಹೇಳಿದ್ದನ್ನು ಮೀರಲಿಲ್ಲ.

ಟ್ಯಾಮ್ಸಿನ್ ಎಂದರೆ ಜಿಲ್ಲೆಯಲ್ಲಿ ಸಿಕ್ಕಿದ ಹಳೆಯ ವಸ್ತುಗಳನ್ನು ದಾಖಲು ಮಾಡಿಕೊಳ್ಳುವ ಅಧಿಕಾರಿ. ಮೂವತ್ತರ ಹೆಂಗಸು, ಡಬ್ಬಿಯೊಳಗೆ ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟಳು. "ನೆವಿಲ್, ಇದೇನು ಗೊತ್ತಾ? ಇದು ಎಲ್ಲಿ ಸಿಕ್ತು? ಸರಿಯಾದ ಜಾಗ ಹೇಳಿ, ಜಾಗಾನೇ ಮುಖ್ಯ." ಅವನು ಸೇತುವೆಗಿಂತ ಮೇಲೆ, ಮುಳ್ಳುಗಿಡಗಳ ತಿರುವಿನಲ್ಲಿ ಎಂದ. ಮೂರನೇ ಕಂಬ ಎಂದರೆ ಹೋರೇಸನಿಗೆ ತಿಳಿದುಬಿಡುತ್ತದಲ್ಲ. ಟ್ಯಾಮ್ಸಿನ್ ನಕ್ಷೆಯ ಮೇಲೆ ಆ ತಿರುವಿನಲ್ಲಿ ಕೆಂಪು ಚುಕ್ಕೆ ಇಟ್ಟಳು. ಹುಡುಕಿದವರ ಹೆಸರು ಎಂದಿದ್ದ ಕಡೆ ನೆವಿಲ್ ಟಾಡ್ ಎಂದು ಬರೆದಳು. ಆ ಅಕ್ಷರಗಳನ್ನು ತಲೆಕೆಳಗಾಗಿ ಓದುವಾಗ ಅವನಿಗೆ ಖುಷಿಯೇ ಆಯಿತು, ಅದನ್ನು ಮುಚ್ಚಿಡುವುದು ಬೇಡ. ನಾಚಿಕೆ ಆಮೇಲೆ ಬಂತು. ಆದರೆ ಬಂದದ್ದು ಮತ್ತೆ ಹೋಗಲಿಲ್ಲ.

ಮುಂದಿನ ಭಾನುವಾರ ಹೋರೇಸ್ ನದಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಊಟದ ಹೊತ್ತಿಗೆ ನೆವಿಲ್ ಹೋದರೆ, ಮುದುಕ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಹಜಾರದಲ್ಲಿ ಫೋನು ಹೊಡೆದುಕೊಂಡಿತು. ಹೋರೇಸ್ ಅಲುಗಲಿಲ್ಲ. ಅಡುಗೆಮನೆಯ ಕಡೆ ತಿರುಗಿ, "ಮೇವಿಸ್, ಫೋನ್ ಬಂತಾ?" ಎಂದು ಕೇಳಿದ.

"ಬಂತು ಕಣ್ರೀ, ತಗೊಳ್ಳಿ."

ಆಗ ಎದ್ದು ಹೋಗಿ ತೆಗೆದುಕೊಂಡ.

ಮೇವಿಸ್ ಆಲೂಗಡ್ಡೆ ಬಡಿಸುತ್ತ ನೆವಿಲನ ಕಿವಿಯ ಹತ್ತಿರ ಬಗ್ಗಿದಳು. "ಎರಡು ವಾರದಿಂದ ಹೀಗೇ ಕಣಪ್ಪಾ. ಫೋನ್ ಆದ್ರೂ ಕೇಳ್ತಾರೆ, ಬಾಗಿಲು ಬಡಿದ್ರೂ ಕೇಳ್ತಾರೆ, ಬಂತಾ, ಬಂತಾ ಅಂತ. ಅವರಪ್ಪನಿಗೆ ಕಡೆಗಾಲದಲ್ಲಿ ಹೀಗೇ ಆಗಿತ್ತು. ಯಾರೂ ಬರದೆ ಇದ್ರೂ ಬಾಗಿಲು ಬಡೀತಿದ್ದಾರೆ ಅಂತ ಎದ್ದೆದ್ದು ಹೋಗೋರು. ಆಮೇಲೆ ನಮ್ಮನ್ನೆಲ್ಲ ಯಾರು ಅಂತ ಕೇಳೋಕೆ ಶುರು ಮಾಡಿದ್ರು. ಅದೇ ತನಗೂ ಬಂತು ಅಂತ ಇವರ ಲೆಕ್ಕ. ನಾನು ಕಾರಿನ ಬೀಗದಕೈ ಎತ್ತಿಟ್ಟಿದೀನಿ."

"ಡಾಕ್ಟರಿಗೆ ತೋರ್ಸಿ."

"ಹೋಗಲ್ಲ ಅಂತಾರೆ. 'ಇಲ್ಲದ್ದು ಕೇಳಿಸ್ತು ಅಂತ ನೆವಿಲೇ ಹೇಳಿದಾನೆ, ಡಾಕ್ಟರ್ ಇನ್ನೇನು ಹೇಳ್ತಾನೆ' ಅಂತ."

ಮೇವಿಸ್ ಅವನ ತಟ್ಟೆಗೆ ಇನ್ನೊಂದು ಹೋಳು ಮಾಂಸ ಹಾಕಿದಳು. ತಾನು ಕದ್ದದ್ದು ಒಂದು ತುಂಡು ಸೀಸವನ್ನು ಮಾತ್ರ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದ ಮನುಷ್ಯ ಅವನು. ಈಗ ಹೇಳಬೇಕು, ಈ ಮೇಜಿನ ಮೇಲೇ ಹೇಳಬೇಕು ಎಂದುಕೊಂಡ. ಹೋರೇಸ್ ಫೋನು ಇಟ್ಟು ಬಂದು ಕೂತ. ನೆವಿಲ್ ಬಾಯಿ ತೆರೆದ. "ಸಾರು ಚೆನ್ನಾಗಿದೆ," ಎಂದ.

ಊಟವಾದ ಮೇಲೆ ಹೋರೇಸ್ ಮಹಡಿಯಿಂದ ತನ್ನ ಯಂತ್ರವನ್ನು ತಂದ. ಒರೆಸಿ, ಹೊಸ ಬ್ಯಾಟರಿ ಹಾಕಿ, ಹಿಡಿಗೆ ಸುತ್ತಿದ್ದ ಹಳೆಯ ಟೇಪು ಬಿಚ್ಚಿ ಹೊಸದು ಸುತ್ತಿದ್ದ.

"ತಗೋ. ನಿನಗೆ."

"ನನಗ್ಯಾಕೆ? ನಿಮ್ದು ಅದು."

"ಇಲ್ಲದ್ದನ್ನ ಕೇಳಿಸ್ಕೊಳ್ಳೋನ ಕೈಲಿ ಇದ್ರೆ ಏನು ಪ್ರಯೋಜನ? ಸುಮ್ನೆ ನದಿ ತುಂಬಾ ಗುಂಡಿ ತೋಡ್ತೀನಿ ಅಷ್ಟೆ. ಬೇರೆ ಯಾರೋ ಆಗಿದ್ರೆ ನನ್ನ ಸಮಾಧಾನಕ್ಕೆ ಹ್ಞೂಂ ಕೇಳಿಸ್ತು ಅಂದ್ಬಿಡ್ತಿದ್ರು. ನೀನು ಇದ್ದದ್ದು ಇದ್ದ ಹಾಗೆ ಹೇಳ್ದೆ. ಅದು ದೊಡ್ಡದು ಕಣೋ."

ನೆವಿಲ್ ಯಂತ್ರವನ್ನು ತೆಗೆದುಕೊಂಡ. ತೆಗೆದುಕೊಂಡು, ಬಸ್ ಸ್ಟಾಪಿನವರೆಗೆ ಹೆಗಲ ಮೇಲೆ ಹೊತ್ತುಕೊಂಡು ನಡೆದ. ಮನೆಯಲ್ಲಿ ಅದನ್ನು ಬೀರುವಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಯಂತ್ರಕ್ಕೆ ಮುಖವೆಲ್ಲಿಂದ ಬಂತು ಎಂದು ನೀವು ಕೇಳಬಹುದು. ಅವನಿಗೆ ಇದ್ದ ಹಾಗೇ ಕಂಡಿತು.

ಆಗಸ್ಟಿನ ಕೊನೆಯಲ್ಲಿ, ಸುರುಳಿ ಬಿಚ್ಚಿ ಓದಿದ ತಜ್ಞರ ಪತ್ರ ಬಂತು. ಟ್ಯಾಮ್ಸಿನ್ ಅದನ್ನು ಕ್ಲಬ್ಬಿನಲ್ಲೇ ಓದುತ್ತೇನೆ ಎಂದಳು. ಪಬ್ಬಿನ ಮಹಡಿಯಲ್ಲಿ ಆ ಸಂಜೆ ಕೂರಲು ಜಾಗವಿರಲಿಲ್ಲ. ಹೋರೇಸ್ ಕೋಟು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತ, ಪಕ್ಕದಲ್ಲಿ ಮೇವಿಸ್. ಯಾರೂ ನೆವಿಲನನ್ನು ಬಕೆಟ್ಟು ಎನ್ನಲಿಲ್ಲ. ಎಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಟ್ಯಾಮ್ಸಿನ್ ಕನ್ನಡಕ ಏರಿಸಿ ಓದಿದಳು:

"ನದಿಯ ದೇವರಿಗೆ ಮಟೂರಸನ ಅರಿಕೆ. ನನ್ನ ಹೇಸರಗತ್ತೆಯ ಕೊರಳ ಗಂಟೆಯನ್ನು ಯಾರೋ ಕದ್ದಿದ್ದಾರೆ. ಕದ್ದವನು ನನ್ನ ಮನೆಯಲ್ಲಿ ಉಂಡವನೇ ಇರಲಿ, ಹೊರಗಿನವನೇ ಇರಲಿ, ಅದನ್ನು ತಂದು ಕೊಡುವ ತನಕ ಅವನಿಗೆ ನಿದ್ದೆ ಬಾರದಿರಲಿ. ಆ ಗಂಟೆ ಅವನ ಕಿವಿಯಲ್ಲಿ ನಿಲ್ಲದೆ ಬಾರಿಸುತ್ತಿರಲಿ."

ಕೋಣೆಯೆಲ್ಲ ನಗು. ಎರಡು ಸಾವಿರ ವರ್ಷ ಕಾದು ನೋಡಿದರೆ ಒಂದು ಕತ್ತೆಯ ಗಂಟೆಯ ರಗಳೆ! ಎಲ್ಲರಿಗಿಂತ ಜೋರಾಗಿ ನಕ್ಕವನು ಹೋರೇಸ್. "ಪಾಪ ಮಟೂರಸ್ಸು! ಗಂಟೆ ವಾಪಸ್ ಸಿಕ್ತೋ ಇಲ್ವೋ, ಅದನ್ನ ಯಾರೂ ಬರೆದು ಹಾಕ್ಲಿಲ್ವಲ್ಲ!" ಎಂದ. ನೆವಿಲ್ ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದ ಕೈಗಳನ್ನೇ ನೋಡುತ್ತಿದ್ದ. ಮನೆಯಲ್ಲಿ ಉಂಡವನು ಎಂಬ ಮಾತು ಬಂದಾಗ ಮೇವಿಸ್ ಎಲ್ಲಿ ತನ್ನ ಕಡೆ ನೋಡುತ್ತಾಳೋ ಎಂದು ಅವನು ತಲೆ ಎತ್ತಿರಲಿಲ್ಲ. ಅವಳೇಕೆ ನೋಡುತ್ತಾಳೆ? ಅವಳು ಕರ್ಚೀಫಿನಲ್ಲಿ ನಗುವಿನ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು.

"ಎಲ್ಲಿ ಸಿಕ್ಕಿದ್ದು?" ಎಂದ ಹೋರೇಸ್.

ಟ್ಯಾಮ್ಸಿನ್ ನಕ್ಷೆ ತೋರಿಸಿದಳು. "ಮುಳ್ಳುಗಿಡಗಳ ತಿರುವಲ್ಲಿ. ಮುಂದಿನ ತಿಂಗಳು ಮುಳುಗುಗಾರರನ್ನ ಕರ್ಸಿ ಅಲ್ಲೇ ಹುಡುಕಿಸ್ತೀವಿ."

"ಅಲ್ಲಾ? ಆ ತಿರುವಲ್ಲಿ ಬರೀ ಬಂಡೆ. ನಲವತ್ತು ವರ್ಷದಲ್ಲಿ ಅಲ್ಲಿ ನಾನು ಒಂದೇ ಒಂದು..." ಎಂದು ಶುರು ಮಾಡಿದವನು ನಡುವೆಯೇ ನಿಂತ. ಅವನ ಮುಖ ಕೆಂಪಾಯಿತು. ಸುತ್ತ ನೋಡಿ, ಕೈ ಸ್ವಲ್ಪ ಮೇಲೆತ್ತಿ, "ಕ್ಷಮಿಸಿ, ಕ್ಷಮಿಸಿ. ನನ್ನ ಮಾತು ತಗೋಬೇಡಿ. ನನ್ನ ಕಿವೀನೂ ಸರಿಯಿಲ್ಲ, ನೆನಪೂ ಎಷ್ಟಿದ್ಯೋ. ಅವನು ಹೇಳಿದ್ರೆ ಅಲ್ಲೇ ಇರುತ್ತೆ," ಎಂದ.

ಮೂವತ್ತು ಜನರ ಎದುರು ಕ್ಷಮೆ ಕೇಳಿದವನು ಅವನು.

ಆಮೇಲೆ ಆ ವರ್ಷದ ಬಹುಮಾನ ಕೊಟ್ಟರು, ಕ್ಲಬ್ಬಿನವರೇ ಎಂದೋ ನದಿಯಿಂದ ಎತ್ತಿದ್ದ ಒಂದು ತಾಮ್ರದ ಕೆಟಲ್ಲು, ಬುಡಕ್ಕೆ ಮರದ ಹಲಗೆ. ಹೋರೇಸನ ಕೈಯಿಂದಲೇ ಕೊಡಿಸಿದರು. ಮುದುಕ ನೆವಿಲನ ಭುಜ ಹಿಡಿದು ಜನರ ಕಡೆ ತಿರುಗಿಸಿ, "ನಾನೇ ಕಣ್ರೋ ಇವನಿಗೆ ಕಲಿಸಿದ್ದು! ಬಕೆಟ್ಟು ಅಂತಿದ್ರಲ್ಲ, ಈಗ ಅನ್ನಿ!" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಪಬ್ಬಿನ ಮಹಡಿಯ ಹಲಗೆಯಾದರೂ ಮುರಿಯಬಾರದೇ ಎಂದು ನೆವಿಲನಿಗೆ ಅನಿಸಿತು. ಕೆಟಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಆಗಲೂ ಹೇಳಲಿಲ್ಲ. ಅಷ್ಟು ಜನರ ಮುಂದೆ ಧೈರ್ಯ ಬರಲಿಲ್ಲ, ಅಷ್ಟೆ. ಅದಕ್ಕೆ ಬೇರೆ ಕಾರಣ ಹುಡುಕುವುದು ಬೇಡ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ನೆವಿಲ್ ತನ್ನ ಗೆಳೆಯನ ಗಾಡಿ ಕೇಳಿ ಪಡೆದು, ಅದರ ಹಿಂದೆ ಹೋರೇಸನ ಯಂತ್ರ ಇಟ್ಟುಕೊಂಡು ಹೋದ. ಮೇವಿಸ್ ಇರುವುದಿಲ್ಲ ಎಂದು ಗೊತ್ತಿತ್ತು. ಆ ದಿನ ಅವಳು ಚರ್ಚಿನ ಹೂ ಜೋಡಿಸಲು ಹೋಗುತ್ತಾಳೆ. ಬಾಗಿಲ ಮುಂದೆ ನಿಂತು ಬೆಲ್ ಒತ್ತಿದ.

ಒಳಗೆ ಬೆಲ್ ಬಾರಿಸಿದ್ದು ಅವನಿಗೂ ಕೇಳಿಸಿತು. ಆಮೇಲೆ ಹೋರೇಸನ ದನಿ: "ಮೇವಿಸ್, ಬೆಲ್ ಆಯ್ತಾ?"

ಯಾರೂ ಉತ್ತರ ಕೊಡಲಿಲ್ಲ. ಕೊಡಲು ಯಾರಿದ್ದಾರೆ?

ನೆವಿಲ್ ಕಾದ. ಹೆಜ್ಜೆಯ ಸದ್ದು ಬರಲಿಲ್ಲ. ಮತ್ತೆ ಒತ್ತಿದ.

"ಮೇವಿಸ್?" ಈ ಸಲ ದನಿ ಸಣ್ಣದಾಗಿತ್ತು. "ಮೇವಿಸ್, ಯಾರಾದ್ರೂ ಬಂದ್ರಾ?"

ಖಾಲಿ ಮನೆಯನ್ನು ಕೇಳುತ್ತಿದ್ದ. ಬಾಗಿಲ ಗಾಜಿನ ಹಿಂದೆ ಹಜಾರದಲ್ಲಿ ಅವನ ನೆರಳು ಕಾಣುತ್ತಿತ್ತು. ಎದ್ದಿದ್ದಾನೆ, ನಿಂತಿದ್ದಾನೆ, ಮುಂದೆ ಬರುತ್ತಿಲ್ಲ. ಬೆಲ್ ನಿಜವೋ ಸುಳ್ಳೋ ಎಂದು ಹೇಳುವವರಿಲ್ಲದೆ ತನ್ನ ಮನೆಯ ಬಾಗಿಲಿನಿಂದ ಆರು ಹೆಜ್ಜೆ ದೂರದಲ್ಲಿ ಎಂಬತ್ತು ವರ್ಷದ ಮನುಷ್ಯ ಗೋಡೆ ಹಿಡಿದು ನಿಂತಿದ್ದ.

ನೆವಿಲ್ ಮಂಡಿಯೂರಿ ಕೂತು, ಬಾಗಿಲಲ್ಲಿ ಕಾಗದ ಹಾಕುವ ಕಿಂಡಿಯ ತಗಡನ್ನು ಎತ್ತಿ ಕೂಗಿದ.

"ಬೆಲ್ ಆಯ್ತು ಹೋರೇಸ್! ಎರಡು ಸಲ ಆಯ್ತು! ನಾನು, ನೆವಿಲ್!"

ಬಾಗಿಲು ತೆರೆಯಿತು. ಹೋರೇಸ್ ಮನೆಯ ಚಪ್ಪಲಿಯಲ್ಲಿದ್ದ. ನಾಚಿಕೊಂಡವನ ಹಾಗೆ ನಕ್ಕ. "ಬಾ ಬಾ. ಯಾಕೋ ನೆಲದ ಮೇಲೆ ಕೂತಿದೀಯ? ಕೆಟಲ್ ಸಿಕ್ಕ ತಕ್ಷಣ ಪೂಜೆ ಶುರು ಮಾಡ್ಬಿಟ್ಯಾ?"

ನೆವಿಲ್ ಏಳಲಿಲ್ಲ. ಎದ್ದರೆ ಹೇಳಲಾಗುವುದಿಲ್ಲ ಎನಿಸಿತು. ಮೆಟ್ಟಿಲ ಮೇಲೆ ಕೂತೇ ಹೇಳಿದ.

"ನಿಮ್ಮ ಕಿವಿ ಸರಿ ಇದೆ. ಬೆಲ್ಲು ನಿಜ. ಆವತ್ತು ನದೀಲಿ ಕೇಳ್ಸಿದ್ದೂ ನಿಜ. ನನಗೂ ಕೇಳಿಸ್ತು. ಚೆನ್ನಾಗಿ ಕೇಳಿಸ್ತು, ಎರಡು ಕಡೆಯಿಂದ್ಲೂ. ನಾನು ಸುಳ್ಳು ಹೇಳ್ದೆ. ಮಂಗಳವಾರ ಒಬ್ಬನೇ ಹೋಗಿ ತೆಗೆದೆ. ಆ ತಗಡು ಮುಳ್ಳುಗಿಡದ ಹತ್ರ ಸಿಕ್ಕಿದ್ದಲ್ಲ. ಮೂರನೇ ಕಂಬದ ಹಿಂದೆ. ಅದು ನಿಮ್ಮದು."

ಹೋರೇಸ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಬೀದಿಯಲ್ಲಿ ಹಾಲಿನ ಗಾಡಿಯೊಂದು ಹಾದುಹೋಯಿತು. ಅವನು ಕತ್ತು ತಿರುಗಿಸಿ ಆ ಗಾಡಿ ಹೋಗುವುದನ್ನು ನೋಡಿದ.

"ಎಷ್ಟು ಆಳದಲ್ಲಿತ್ತು?" ಎಂದ ಕೊನೆಗೆ.

"ಒಂದೂವರೆ ಅಡಿ."

"ಜಲ್ಲೀನಾ ಜೇಡಿನಾ?"

"ಮೇಲೆ ಜಲ್ಲಿ. ಅಡಿಗೆ ಗಟ್ಟಿ ಜೇಡಿ, ಅದರ ಮೇಲೆ ಕೂತಿತ್ತು."

"ಒಂದೂವರೆ ಅಡಿ ಜಲ್ಲಿ ಕೆಳಗೆ," ಎಂದ ಹೋರೇಸ್. "ಬೆರಳುದ್ದದ ಸೀಸ. ಆ ಹಳೇ ಡಬ್ಬಾ ಯಂತ್ರದಲ್ಲಿ. ಈ ಕಿವೀಲಿ." ಅವನ ಮುಖ ಬೆಳಗುತ್ತ ಬಂತು. ತನ್ನ ಕಿವಿಯನ್ನು ತಾನೇ ಒಂದು ಸಲ ಮುಟ್ಟಿಕೊಂಡ. ಆ ಕ್ಷಣದಲ್ಲಿ ನೆವಿಲನಿಗೆ, ಇನ್ನೇನು ಮುದುಕ ನಗುತ್ತಾನೆ, ಕಳ್ಳ ನನ್ನ ಮಗನೇ ಎಂದು ಬೆನ್ನಿಗೆ ಗುದ್ದುತ್ತಾನೆ, ಒಳಗೆ ಹೋಗಿ ಚಹಾ ಕುಡಿಯುತ್ತೇವೆ ಎನಿಸಿತು. ಹಾಗೆ ಎನಿಸಿದ್ದಕ್ಕೂ ಅವನು ಆಮೇಲೆ ಬಹಳ ದಿನ ನಾಚಿಕೆಪಟ್ಟ.

ಹೋರೇಸನ ಮುಖ ನಿಧಾನವಾಗಿ ಆರಿತು.

"ಮೇವಿಸ್ ಅಡುಗೆಮನೇಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ," ಎಂದ. "ರಾತ್ರಿ ಪಾತ್ರೆ ತೊಳೆಯೋವಾಗ. ನನಗೆ ಕೇಳಿಸ್ತಿತ್ತು. ಅದೂ ಸುಳ್ಳೇ ಇರ್ಬೇಕು, ಇಲ್ಲದ್ದು ಕೇಳಿಸ್ತಿದೆ ಅಂತ ಸುಮ್ನೆ ಕೂತಿರ್ತಿದ್ದೆ. ಹನ್ನೊಂದು ವಾರ. ಒಂದು ಸಲಾನೂ ಎದ್ದು ಹೋಗಿ ಯಾಕೆ ಅಳ್ತೀಯ ಅಂತ ಕೇಳ್ಲಿಲ್ಲ."

"ಬೈದು ಬಿಡಿ, ಹೋರೇಸ್. ಹೊಡೀರಿ ಬೇಕಾದ್ರೆ."

"ನಿನ್ನ ಬೈದು ನನಗೇನಾಗ್ಬೇಕು?" ಎಂದ ಹೋರೇಸ್. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಕೇಳಿದ್ರೆ ನಾನೇ ಕೊಡ್ತಿದ್ನಲ್ಲೋ. ನಿನ್ನ ಹೆಸರೇ ಬರ್ಸು ಅಂತಿದ್ದೆ. ಯಂತ್ರ ಎಲ್ಲಿ?"

"ಗಾಡೀಲಿದೆ."

"ತಗೊಂಡ್ ಬಾ."

ನೆವಿಲ್ ತಂದುಕೊಟ್ಟ. ಮುದುಕ ಹಿಡಿಯ ಮೇಲಿನ ಟೇಪು ಹಾಗೇ ಇದೆಯೇ ಎಂದು ಬೆರಳಲ್ಲಿ ನೋಡಿದ, ಗುಂಡಿ ತಿರುಗಿಸಿ ಬ್ಯಾಟರಿ ಇದೆಯೇ ಎಂದು ನೋಡಿದ. "ಟ್ಯಾಮ್ಸಿನ್‌ಗೆ ಇವತ್ತೇ ಜಾಗ ಸರಿಯಾಗಿ ಹೇಳು. ಆ ಹುಡುಗಿ ಮುಳುಗುಗಾರರನ್ನ ಕರ್ಕೊಂಡು ಬಂದು ಬಂಡೆ ಮೇಲೆ ತಡಕಾಡ್ತಾಳೆ ಪಾಪ. ಹೆಸರು ಏನಾದ್ರೂ ಬರ್ಕೊಳ್ಳಿ." ಬಾಗಿಲು ಹಾಕುವ ಮೊದಲು ಒಂದು ಕ್ಷಣ ನಿಂತ. "ಭಾನುವಾರ ಬರ್ಬೇಡ. ಮೇವಿಸ್‌ಗೆ ನಾನು ಹೇಳ್ತೀನಿ. ನೀನು ಎದುರಿಗೆ ಕೂತಿದ್ರೆ ಹೇಳೋಕಾಗಲ್ಲ." ಬಾಗಿಲನ್ನು ಸದ್ದಾಗದ ಹಾಗೆ ಮೆಲ್ಲಗೆ ಮುಚ್ಚಿದ.

ನೆವಿಲ್ ಟ್ಯಾಮ್ಸಿನಳ ಕಚೇರಿಗೆ ಹೋಗಿ ಎಲ್ಲ ಹೇಳಿದ. ಅವಳು ಕೆಂಪು ಚುಕ್ಕೆಯನ್ನು ಅಳಿಸಿ ಮೂರನೇ ಕಂಬದ ಹಿಂದೆ ಇಟ್ಟಳು. ಹೆಸರು ಹೊಡೆದು ಹಾಕಿ ಹೋರೇಸ್ ಗಾರ್ಸೈಡ್ ಎಂದು ಬರೆದಳು. ಅವನ ಮುಖ ನೋಡಲಿಲ್ಲ. ಕೆಟಲ್ಲನ್ನು ಅವನು ಪಬ್ಬಿನ ಕೌಂಟರಿನಲ್ಲಿ ಇಟ್ಟು ಬಂದ. ಕ್ಲಬ್ಬಿನವರು ಯಾರೂ ಬೈಯಲಿಲ್ಲ, ಅವನು ಓಡಿಸುವ ಬಸ್ಸು ಹತ್ತಿದರೆ ಚೀಟಿ ತೆಗೆದುಕೊಂಡು ಹಿಂದೆ ಹೋಗಿ ಕೂರುತ್ತಿದ್ದರು. ಬಕೆಟ್ಟು ಎಂದು ಕೂಡ ಯಾರೂ ಕರೆಯುತ್ತಿರಲಿಲ್ಲ. ಆ ಹೆಸರಿನಲ್ಲಿ ಎಷ್ಟು ಸಲಿಗೆ ಇತ್ತೆಂದು ಅವನಿಗೆ ಈಗ ಗೊತ್ತಾಯಿತು.

ಸೆಪ್ಟೆಂಬರಿನ ಮೂರನೇ ಭಾನುವಾರ, ಮಳೆ ಶುರುವಾಗುವ ಮುಂಚೆ, ನೆವಿಲ್ ಸೇತುವೆಯ ಮೇಲೆ ನಡೆದು ಹೋಗುತ್ತಿದ್ದ. ಕೆಳಗೆ ಯಾರೋ ನೀರಲ್ಲಿ ನಿಂತಿದ್ದು ಕಂಡಿತು. ದಡದ ಮೇಲೆ ಕಾರು ಇತ್ತು, ಮೇವಿಸಳ ಮಡಚುವ ಕುರ್ಚಿ ಇತ್ತು, ಅವಳು ಅದರಲ್ಲಿ ಕೂತು ಏನೋ ಹೆಣೆಯುತ್ತಿದ್ದಳು. ನೀರಲ್ಲಿದ್ದವನು ಹೋರೇಸ್. ಹಿಡಿಯಲು ಯಾರೂ ಇಲ್ಲದ್ದಕ್ಕೆ ಗಾಜಿನ ಬಕೆಟ್ಟಿಗೆ ಹಗ್ಗ ಕಟ್ಟಿ ತನ್ನ ಸೊಂಟಕ್ಕೆ ಬಿಗಿದುಕೊಂಡಿದ್ದ. ಅದು ಹರಿವಿನಲ್ಲಿ ತೇಲಿ ತೇಲಿ ಅವನ ತೊಡೆಗೆ ಬಡಿಯುತ್ತಿತ್ತು.

ನೆವಿಲ್ ಕಟ್ಟೆಗೆ ಕೈ ಊರಿ ನಿಂತ. ಹೋರೇಸ್ ಎರಡನೇ ಕಂಬ ದಾಟಿ ಮುಂದೆ ಬಂದ. ತಟ್ಟೆ ಒಂದು ಕಡೆ ನಿಂತಿತು, ಅತ್ತ ಇತ್ತ ಆಡಿತು, ಮತ್ತೆ ಆಡಿತು. ಏನೋ ಕೇಳಿಸಿತ್ತು, ತೀರಾ ಸಣ್ಣಗೆ ಇರಬೇಕು. ಮುದುಕ ತಲೆಯಿಂದ ಹೆಡ್‌ಫೋನು ತೆಗೆದ. ತಿರುಗಿ ನೋಡದೆ, ಎಡಗೈಯನ್ನು ಪಕ್ಕಕ್ಕೆ, ಒಂದು ತ‌ಲೆಯ ಎತ್ತರಕ್ಕೆ ಚಾಚಿದ.

ಚಾಚಿದ ಕೈ ಹಾಗೇ ನಿಂತಿತು. ಮೇಲೆ ಸೇತುವೆಯಲ್ಲಿ ನೆವಿಲ್ ತನಗೆ ಅರಿವಿಲ್ಲದೆ ತಲೆಯನ್ನು ಬಲಕ್ಕೆ ಬಾಗಿಸಿದ್ದ.

ಹೋರೇಸ್ ಪಕ್ಕಕ್ಕೆ ನೋಡಿದ. ಹೆಡ್‌ಫೋನನ್ನು ಮತ್ತೆ ತನ್ನ ತಲೆಗೇ ಹಾಕಿಕೊಂಡು, ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಇನ್ನೊಂದು ಸಲ ಕೇಳಿದ. ಆಮೇಲೆ ಗುದ್ದಲಿ ಹಿಡಿದು ಒಬ್ಬನೇ ಬಗ್ಗಿದ. ಮೇವಿಸ್ ಎಲ್ಲಿ ತಲೆ ಎತ್ತಿ ನೋಡುತ್ತಾಳೋ ಎಂದು ನೆವಿಲ್ ಕಟ್ಟೆಯಿಂದ ಹಿಂದಕ್ಕೆ ಸರಿದ.